ಕನ್ನಡಿ ಇದ್ದದ್ದು, ಕನ್ನಡಿ ಇಲ್ಲದ್ದು

ಕ್ಯಾಮೆರಾಗಳ ಗುಣಾವಗುಣಗಳ ಬಗ್ಗೆ ನಾನು ಓದಿದ ಬರಹಗಳಲ್ಲಿ ಹೆಚ್ಚಿನವು ಗಂಡಸರು ಬರೆದವು. ಅದಕ್ಕೆ ನನ್ನ ತಕರಾರೇನಿಲ್ಲ. ಆದರೆ ಅವನ್ನು ಓದುವಾಗಲೆಲ್ಲ ಒಬ್ಬ ಮನುಷ್ಯ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ. ಹತ್ತು ಜೇಬಿನ ಅಂಗಿ ತೊಟ್ಟು, ಜೀಪಿನಲ್ಲಿ ಕೂತು, ಹುಲಿ ಬರುವುದನ್ನೇ ಕಾಯುತ್ತಿರುವವನು. ಅವನಿಗೆ ಹೊತ್ತು ಬೇಕಾದಷ್ಟಿದೆ, ಹೆಗಲು ಗಟ್ಟಿಯಿದೆ, ಒಲೆಯ ಮೇಲೆ ಹಾಲಿಟ್ಟು ಬಂದ ನೆನಪಂತೂ ಇಲ್ಲ. ಸೆಕೆಂಡಿಗೆ ಎಷ್ಟು ಚಿತ್ರ, ಎಷ್ಟು ಕೋಟಿ ಚುಕ್ಕೆ ಎಂಬ ಲೆಕ್ಕವೆಲ್ಲ ಅವನಿಗಾಗಿಯೇ ಹಾಕಿದ್ದು. ಕ್ಯಾಮೆರಾದ ಪಟ್ಟಿ ಸೆರಗಿನ ಪಿನ್ನಿಗೆ ಸಿಕ್ಕಿಕೊಳ್ಳುತ್ತದೆಯೇ, ಚಾಳೀಸು ಬಂದವರಿಗೆ ಹಿಂದಿನ ಪರದೆ ಕಾಣುತ್ತದೆಯೇ, ತೊಟ್ಟಿಲ ಕೂಸು ಅದರ ಸದ್ದಿಗೆ ಬೆಚ್ಚಿ ಏಳುತ್ತದೆಯೇ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕೇಳಬೇಕಾದ ಪ್ರಶ್ನೆಗಳು ಇವೇ ಎಂದು ನನಗೆ ಮನವರಿಕೆಯಾದದ್ದು ಕಳೆದ ವರ್ಷ, ತಂಗಿಯ ಮಗಳು ಕ್ಯಾಮೆರಾ ಕೊಳ್ಳಲು ಹೊರಟಾಗ.

ತಂಗಿಯ ಯಜಮಾನರು ಮಲೆನಾಡಿನ ಒಂದು ಸಣ್ಣ ಪೇಟೆಯಲ್ಲಿ ಇಪ್ಪತ್ತೈದು ವರ್ಷ ಸ್ಟುಡಿಯೋ ನಡೆಸಿದವರು. ಅವರು ತೀರಿಕೊಂಡ ಮೇಲೆ ಸ್ಟುಡಿಯೋ ಮಗನಿಗೆ ಬಂತು. ಮಗಳಿಗೆ ಬಂದದ್ದು ಎರಡು ಲೆನ್ಸು. ಒಂದು ನಿಕಾನ್‌ನ 50 ಮಿ.ಮೀ., ಎಫ್ 1.8 ಡಿ; ಅಂಗೈಯೊಳಗೆ ಮುಚ್ಚಿಟ್ಟುಕೊಳ್ಳುವಷ್ಟು ಚಿಕ್ಕದು. ಇನ್ನೊಂದು 80-200 ಮಿ.ಮೀ., ಎಫ್ 2.8 ಡಿ, ಸುಮಾರು ಒಂದೂಕಾಲು ಕೆ.ಜಿ. ತೂಗುವ, ಅಪ್ಪನ ಕೈ ತಾಗಿ ತಾಗಿ ರಬ್ಬರು ನುಣುಪಾದ ದೊಡ್ಡ ಲೆನ್ಸು. ಆಸ್ತಿ ಪಾಲಿನ ನ್ಯಾಯ ಇಲ್ಲಿ ಬೇಡ. ಅದು ಬೇರೆಯೇ ಪ್ರಬಂಧವಾದೀತು.

ಹುಡುಗಿಯ ಯೋಚನೆ ನನಗೆ ಮೊದಲ ದಿನವೇ ಹಿಡಿಸಿತು. ಮದುವೆ ಮನೆಗೆ ಬೇಕಾದಷ್ಟು ಫೋಟೋಗ್ರಾಫರುಗಳಿದ್ದಾರೆ. ಆದರೆ ಸೀಮಂತದ ಹೆಣ್ಣು ಅಲಂಕಾರ ಮಾಡಿಕೊಳ್ಳುವ ಕೋಣೆಗೆ, ಬಾಣಂತಿ ಕೋಣೆಗೆ, ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕುವ ಬಚ್ಚಲಿಗೆ ಗಂಡಸು ಫೋಟೋಗ್ರಾಫರು ಹೋಗುವಂತಿಲ್ಲ. ಹೋದರೂ ಅಲ್ಲಿರುವ ಹೆಂಗಸರು ಮೈ ಬಿಗಿಹಿಡಿದು ಕೂರುತ್ತಾರೆ. "ಅಲ್ಲಿಗೆ ನಾನು ಹೋಗಬಹುದಲ್ಲ ದೊಡ್ಡಮ್ಮ" ಎಂದಳು. ಚೀಟಿ ಹಾಕಿ ಕೂಡಿಸಿದ ಅರವತ್ತು ಸಾವಿರ ರೂಪಾಯಿ ಅವಳ ಬಳಿ ಇತ್ತು. ಗಂಡ ಒಳ್ಳೆಯವನು, ಸೊಸೈಟಿಯ ನೌಕರ. ಬೇಡ ಎನ್ನಲಿಲ್ಲ, ಇನ್ನಷ್ಟು ಕೊಡುವ ಶಕ್ತಿಯೂ ಅವನಿಗಿಲ್ಲ. ಈ ಅರವತ್ತು ಸಾವಿರ ನೀರಿನಲ್ಲಿ ಹೋದರೆ ಇನ್ನೊಂದು ಚೀಟಿ ಎತ್ತುವ ಹೊತ್ತಿಗೆ ಮಗ ಹೈಸ್ಕೂಲಿಗೆ ಬಂದಿರುತ್ತಾನೆ.

ಅವಳ ಅಣ್ಣ ಆಗಷ್ಟೇ ಹೊಸ ಮಿರರ್‌ಲೆಸ್ ಕೊಂಡಿದ್ದ. ಕೈಯಲ್ಲಿದ್ದ ಹಳೆಯ ನಿಕಾನ್ ಡಿ7500 ಎಂಬ ಡಿಎಸ್‌ಎಲ್‌ಆರ್ ಅನ್ನು ತಂಗಿಗೆ ಮಾರುತ್ತೇನೆ ಎಂದ. "ನಿನ್ನ ಕೆಲಸಕ್ಕೆ ಹಳೇದು ಧಾರಾಳ ಸಾಕು ಕಣೆ" ಎಂಬುದು ಅವನ ಮಾತು. ಅತ್ತ ಪೇಟೆಯ ಅಂಗಡಿಯಲ್ಲಿ ಅದೇ ಕಂಪನಿಯ ಜೆಡ್50 ಎಂಬ ಮಿರರ್‌ಲೆಸ್ ಇತ್ತು. 2024ರ ನವೆಂಬರಿನಲ್ಲಿ ಅದರ ಎರಡನೆಯ ಆವೃತ್ತಿ ಹೊರಬಂದಿದ್ದರಿಂದ, ಉಳಿದಿದ್ದ ಮೊದಲಿನದನ್ನು ಕಡಿಮೆಗೆ ಕೊಡಲು ಅಂಗಡಿಯವನು ಒಪ್ಪಿದ್ದ. ಎರಡರಲ್ಲಿ ಯಾವುದು? ನಾನು ಸಮಾಜ ಪಾಠ ಮಾಡುವವಳು, ಯಂತ್ರಶಾಸ್ತ್ರದವಳಲ್ಲ. ಆದರೆ ಬೇಸಿಗೆ ರಜೆ, ಹುಡುಗಿಯ ಪರಿಚಯದವರೊಬ್ಬರ ಜೆಡ್50 ಒಂದು ವಾರದ ಮಟ್ಟಿಗೆ ಸಿಕ್ಕಿತು, ಅಣ್ಣನ ಡಿ7500 ಹೇಗೂ ಮನೆಯಲ್ಲೇ ಇತ್ತು. ಎರಡನ್ನೂ ಮುಂದಿಟ್ಟುಕೊಂಡು ಕೂತೆವು.

ಡಿಎಸ್‌ಎಲ್‌ಆರ್ ಎಂಬ ಉದ್ದ ಹೆಸರಿಗೆ ಬೆಚ್ಚಬೇಕಾಗಿಲ್ಲ. ಲೆನ್ಸಿನ ಹಿಂದೆ ನಲವತ್ತೈದು ಡಿಗ್ರಿ ಓರೆಯಾಗಿ ಒಂದು ಕನ್ನಡಿ ನಿಂತಿರುತ್ತದೆ. ಒಳಗೆ ಬಂದ ಬೆಳಕನ್ನು ಅದು ಮೇಲಕ್ಕೆ ಕಳಿಸುತ್ತದೆ. ಮೇಲಿರುವ ಪೆಂಟಾಪ್ರಿಸಂ ಎಂಬ ಗಾಜಿನ ಗಟ್ಟಿ ಬಿಂಬವನ್ನು ನೆಟ್ಟಗೆ ಮಾಡಿ ಕಣ್ಣಿಗೆ ಕೊಡುತ್ತದೆ. ಗುಂಡಿ ಒತ್ತಿದೊಡನೆ ಕನ್ನಡಿ ಪಟ್ಟೆಂದು ಮೇಲೇಳುತ್ತದೆ, ಶಟರ್ ತೆರೆದು ಮುಚ್ಚುತ್ತದೆ, ಕನ್ನಡಿ ಮತ್ತೆ ಕೆಳಗಿಳಿಯುತ್ತದೆ. ಚಿತ್ರ ಮೂಡುವ ಆ ಒಂದು ಗಳಿಗೆ ನೋಡುವವಳಿಗೆ ಮಾತ್ರ ಕತ್ತಲೆ! ಇದರ ತಮಾಷೆ ನನಗೆ ಇವತ್ತಿಗೂ ಕಡಿಮೆಯಾಗಿಲ್ಲ. ಮಗಳ ಧಾರೆಯ ಹೊತ್ತಿಗೆ ಸರಿಯಾಗಿ ತಾಯಿ ಅಡುಗೆಮನೆಗೆ ಓಡುವಂತೆ.

ಮಿರರ್‌ಲೆಸ್‌ನಲ್ಲಿ ಈ ಕನ್ನಡಿಯೇ ಇಲ್ಲ. ಲೆನ್ಸಿನ ಬೆಳಕು ನೇರವಾಗಿ ಸೆನ್ಸರಿನ ಮೇಲೆ ಬೀಳುತ್ತಿರುತ್ತದೆ. ಅದು ಕಂಡದ್ದನ್ನು ವ್ಯೂ ಫೈಂಡರಿನೊಳಗಿನ ಬೆರಳುಗುರಿನಷ್ಟು ಪುಟ್ಟ ಟಿ.ವಿ.ಯೊಂದು ನಮಗೆ ತೋರಿಸುತ್ತಿರುತ್ತದೆ. ಕನ್ನಡಿ ಏಳಲು ಬೇಕಾದ ಜಾಗ ಉಳಿದದ್ದರಿಂದ ಡಬ್ಬಿ ತೆಳ್ಳಗಾಯಿತು. ಬ್ಯಾಟರಿ, ಕಾರ್ಡು ಸೇರಿ ಡಿ7500 720 ಗ್ರಾಂ, ಜೆಡ್50 450 ಗ್ರಾಂ. ವ್ಯತ್ಯಾಸ ಕಾಲು ಕೆ.ಜಿ.ಗಿಂತ ತುಸು ಹೆಚ್ಚು. ಕಾಗದದ ಮೇಲೆ ಇದು ಸಣ್ಣದು. ಆದರೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದ ಪಂಕ್ತಿಯವರೆಗೆ ಕುತ್ತಿಗೆಗೆ ನೇತುಹಾಕಿಕೊಂಡವರಿಗೆ ಸಣ್ಣದಲ್ಲ.

ಇಷ್ಟಾಗಿ, ಬಹಳ ಜನ ಗಮನಿಸದ ಮಾತೊಂದಿದೆ. 2017ರ ಡಿ7500, 2019ರ ಜೆಡ್50 ಎರಡರಲ್ಲೂ ಇರುವುದು 20.9 ಮೆಗಾಪಿಕ್ಸೆಲ್, ಒಂದೇ ಅಳತೆಯ ಸೆನ್ಸರು. ಒಂದೇ ಲೆನ್ಸು, ಒಂದೇ ಬೆಳಕು ಕೊಟ್ಟು ತೆಗೆದ ಎರಡು ಚಿತ್ರಗಳನ್ನು ಅಚ್ಚು ಹಾಕಿಸಿ ಗೋಡೆಗೆ ತೂಗಿದರೆ ಯಾವುದು ಯಾವುದರದೆಂದು ಅಂಗಡಿಯವನೂ ಹೇಳಲಾರ. ಹಾಗಿದ್ದ ಮೇಲೆ 'ಹೊಸದರಲ್ಲಿ ಚಿತ್ರ ಚೆನ್ನ' ಎಂಬ ಮಾತು ಈ ಜೋಡಿಯ ಮಟ್ಟಿಗೆ ಬರಿಯ ಗಾಳಿಮಾತು. ಎರಡರ ನಡುವಿನ ಜಗಳ ಚಿತ್ರದ್ದಲ್ಲ, ಚಿತ್ರಕ್ಕೆ ಮುಂಚೆ ನೋಡುವ ಬಗೆಯದು.

ಡಿಎಸ್‌ಎಲ್‌ಆರ್‌ನ ಅಭಿಮಾನಿಗಳು ಹೇಳುವುದೇನೆಂದರೆ, ಅದರಲ್ಲಿ ಕಾಣುವುದು ಸತ್ಯ, ಇದರಲ್ಲಿ ಕಾಣುವುದು ಟಿ.ವಿ. ಕೇಳಲು ಚೆನ್ನಾಗಿದೆ. ಕನ್ನಡಿಯಲ್ಲಿ ನೋಡಿದಾಗ ನಿಜಕ್ಕೂ ಒಂದು ತಂಪಿದೆ. ಅಂಗಳದ ಬಿಸಿಲು ಬಿಸಿಲಿನಂತೆಯೇ, ನೆರಳು ನೆರಳಿನಂತೆಯೇ ಇರುತ್ತದೆ, ಕಣ್ಣು ದಣಿಯುವುದಿಲ್ಲ. ಬ್ಯಾಟರಿ ಇಲ್ಲದಿದ್ದರೂ ಲೋಕ ಕಾಣುತ್ತದೆ. ಆದರೆ 'ಸತ್ಯ' ಎಂಬುದನ್ನು ನಾನು ಒಪ್ಪಲಾರೆ. ಕನ್ನಡಿ ತೋರಿಸುವುದು ನಮ್ಮ ಕಣ್ಣಿಗೆ ಕಂಡ ಲೋಕವನ್ನು; ಸೆನ್ಸರು ಬರೆದುಕೊಳ್ಳುವುದು ಬೇರೆ. ಕಿಟಕಿಗೆ ಬೆನ್ನು ಹಾಕಿ ಕೂತ ಬಾಣಂತಿಯ ಮುಖ ಕನ್ನಡಿಯಲ್ಲಿ ಚೆನ್ನಾಗಿಯೇ ಕಾಣುತ್ತದೆ, ಚಿತ್ರದಲ್ಲಿ ಮಸಿ ಬಳಿದಂತೆ ಕಪ್ಪಾಗಿರುತ್ತದೆ. ಇಪ್ಪತ್ತೈದು ವರ್ಷ ಕೈಪಳಗಿದ ಅಪ್ಪನಿಗೆ ಅದು ಮೊದಲೇ ಗೊತ್ತಿರುತ್ತಿತ್ತು. ಮಗಳಿಗೆ ತೆಗೆದ ಮೇಲೆ ಗೊತ್ತಾಗುತ್ತದೆ. ಮಿರರ್‌ಲೆಸ್‌ನ ಪುಟ್ಟ ಟಿ.ವಿ. ಮಾತ್ರ ಮುಖ ಕಪ್ಪಾಗುವುದನ್ನು ಗುಂಡಿ ಒತ್ತುವ ಮೊದಲೇ ತೋರಿಸಿಬಿಡುತ್ತದೆ. ಕಲಿಯುವವಳಿಗೆ ಇದು ಪಕ್ಕದಲ್ಲಿ ಕೂತ ಮೇಷ್ಟರಿದ್ದಂತೆ. ಒಬ್ಬ ಶಿಕ್ಷಕಿಯಾಗಿ ನನಗೆ ಈ ಗುಣಕ್ಕೆ ಹೆಚ್ಚು ಅಂಕ ಕೊಡಬೇಕೆನಿಸಿತು.

ಇನ್ನೊಂದು ಗುಣ ನನ್ನ ವಯಸ್ಸಿನವರಿಗೆ ಸೇರಿದ್ದು. ವ್ಯೂ ಫೈಂಡರಿನ ಪಕ್ಕದ ಪುಟ್ಟ ತಿರುಪನ್ನು ನಮ್ಮ ಕಣ್ಣಿಗೆ ಹೊಂದಿಸಿಕೊಂಡರೆ ಎರಡರಲ್ಲೂ ಕನ್ನಡಕವಿಲ್ಲದೆ ನೋಡಬಹುದು. ಆದರೆ ತೆಗೆದ ಚಿತ್ರ ಹೇಗೆ ಬಂತೆಂದು ನೋಡಬೇಕಾದರೆ ಡಿಎಸ್‌ಎಲ್‌ಆರ್‌ನಲ್ಲಿ ಹಿಂದಿನ ಪರದೆಗೇ ಬರಬೇಕು. ಚಾಳೀಸು ಹುಡುಕಬೇಕು. ಬಿಸಿಲಿದ್ದರೆ ಸೆರಗು ಅಡ್ಡ ಹಿಡಿಯಬೇಕು. ಮಿರರ್‌ಲೆಸ್‌ನಲ್ಲಿ ಕಣ್ಣು ಇಟ್ಟ ಜಾಗದಲ್ಲೇ ತೆಗೆದ ಚಿತ್ರವೂ ಕಾಣುತ್ತದೆ, ಅಕ್ಷರಗಳೂ ಕಾಣುತ್ತವೆ. ನಲವತ್ತೈದು ದಾಟಿದ ಯಾವ ಗೆಳತಿಯಾದರೂ ಹವ್ಯಾಸಕ್ಕೊಂದು ಕ್ಯಾಮೆರಾ ಬೇಕೆಂದರೆ, ಮನೆಯಲ್ಲಿ ಹಳೆಯ ಲೆನ್ಸುಗಳಿಲ್ಲವಾದರೆ, ಇದೊಂದೇ ಕಾರಣಕ್ಕೆ ಕನ್ನಡಿ ಇಲ್ಲದ್ದನ್ನು ಕೊಳ್ಳಿ ಎನ್ನುತ್ತೇನೆ. ಜೀಪಿನ ಮನುಷ್ಯ ಇದನ್ನು ಬರೆಯದಿರುವುದು ಆಶ್ಚರ್ಯ. ಅವನಿಗೂ ಚಾಳೀಸು ಬಂದೇ ಬರುತ್ತದಲ್ಲ?

ಅಂದಹಾಗೆ, ಸೀರೆ ಉಟ್ಟು ಕ್ಯಾಮೆರಾ ಹೊತ್ತವರ ಮಾತು ಬಂದರೆ ಹೋಮಾಯಿ ವ್ಯಾರಾವಾಲಾ ಅವರನ್ನು ಬಿಡುವಂತಿಲ್ಲ. 1913ರಲ್ಲಿ ಹುಟ್ಟಿದ, ಭಾರತದ ಮೊದಲ ಪತ್ರಿಕಾ ಛಾಯಾಗ್ರಾಹಕಿ ಎಂದು ಹೆಸರಾದವರು ಅವರು. ಮೊದಮೊದಲು ಅವರ ಚಿತ್ರಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಸ್ವಾತಂತ್ರ್ಯ ಬಂದ ಕಾಲದ ದಿಲ್ಲಿಯನ್ನೆಲ್ಲ ಅವರು ಹಿಡಿದಿಟ್ಟದ್ದು ಸ್ಪೀಡ್ ಗ್ರಾಫಿಕ್, ರೋಲಿಫ್ಲೆಕ್ಸ್‌ನಂತಹ ಕ್ಯಾಮೆರಾಗಳಲ್ಲಿ. ರೋಲಿಫ್ಲೆಕ್ಸ್‌ನಲ್ಲೂ ಕನ್ನಡಿಯಿದೆ, ಆದರೆ ಅದು ಅಲುಗುವುದಿಲ್ಲ. ಸೊಂಟದ ಮಟ್ಟದಲ್ಲಿ ಹಿಡಿದು ಮೇಲಿನಿಂದ ಬಗ್ಗಿ ನೋಡಬೇಕು, ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಅಂತಹ ತಿರುಗುಮುರುಗು ಬಿಂಬವನ್ನು ನೋಡುತ್ತಲೇ ಅವರು ನೆಹರೂ ಅವರನ್ನು ಸರಿಯಾಗಿ ನಿಲ್ಲಿಸಿದರು. 1970ರಲ್ಲಿ ವೃತ್ತಿ ಬಿಟ್ಟರು, 2011ರಲ್ಲಿ ಪದ್ಮವಿಭೂಷಣ ಬಂತು. ಯಾವ ಕ್ಯಾಮೆರಾ ಎಂದು ತಲೆಕೆಡಿಸಿಕೊಳ್ಳುವವರಿಗೆ ಅವರ ಚಿತ್ರಗಳ ಪುಸ್ತಕವೊಂದನ್ನು ಮೊದಲು ತೋರಿಸಬೇಕು. ಆದರೆ ಚೀಟಿ ಹಣ ಹಿಡಿದು ನಿಂತ ಹುಡುಗಿಗೆ ಅದು ಉತ್ತರವಾಗುವುದಿಲ್ಲ ಎಂಬುದೂ ನನಗೆ ಗೊತ್ತು.

ಉತ್ತರಕ್ಕೆ ಹತ್ತಿರ ಬಂದದ್ದು ನೆರೆಮನೆಯ ನಾಮಕರಣದ ದಿನ. ಹಳೆಯ ಕಾಲದ ಮನೆ, ದಪ್ಪ ಮಣ್ಣಿನ ಗೋಡೆ, ಒಂದೇ ಕಿಟಕಿ. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ನಡುಹಗಲಿನಲ್ಲೇ ಮುಸ್ಸಂಜೆ. ಕೂಸು ತೊಟ್ಟಿಲಲ್ಲಿ. ಜೆಡ್50ಗೆ ಅದರ ಜೊತೆ ಬರುವ 16-50 ಲೆನ್ಸು ಹಾಕಿ, ಡಿ7500ಗೆ ಅಪ್ಪನ 50 ಹಾಕಿ, ಹುಡುಗಿ ಒಂದರ ನಂತರ ಒಂದರಂತೆ ತೆಗೆದಳು.

ಮಿರರ್‌ಲೆಸ್ ಮೊದಲ ನೋಟಕ್ಕೇ ಎಲ್ಲರ ಮನ ಗೆದ್ದಿತು. ಅಜ್ಜಿಯ ಮುಖದತ್ತ ತಿರುಗಿಸಿದರೆ ಸಾಕು, ಒಂದು ಪುಟ್ಟ ಚೌಕ ತಾನಾಗಿ ಹೋಗಿ ಅವರ ಕಣ್ಣಿನ ಮೇಲೆ ಕೂರುತ್ತಿತ್ತು. ಅವರು ಅತ್ತಿತ್ತ ತಿರುಗಿದರೆ ಚೌಕವೂ ತಿರುಗುತ್ತಿತ್ತು. ಸದ್ದಿಲ್ಲದ ಶಟರ್ ಹಾಕಿದಾಗ ಚಿತ್ರ ತೆಗೆದದ್ದೇ ಪಕ್ಕದಲ್ಲಿದ್ದ ನನಗೆ ತಿಳಿಯಲಿಲ್ಲ. ಡಿಎಸ್‌ಎಲ್‌ಆರ್ 'ಖಟಕ್' ಎಂದಾಗ ಕೂಸು ಕಣ್ಣು ಬಿಡದಿದ್ದರೂ ಹುಬ್ಬು ಗಂಟಿಕ್ಕಿತು. ಕೂಸಿನ ಅಜ್ಜಿ ನನ್ನ ಕಡೆ ನೋಡಿದ ನೋಟದಲ್ಲೇ ಒಂದು ವಿಮರ್ಶೆ ಇತ್ತು. ಆದರೆ ಆ ಸದ್ದಿಲ್ಲದ ಶಟರಿಗೂ ಒಂದು ಕುಂದಿದೆ. ಅದು ಚಿತ್ರವನ್ನು ಒಮ್ಮೆಗೇ ಹಿಡಿಯುವುದಿಲ್ಲ, ಮೇಲಿನಿಂದ ಕೆಳಕ್ಕೆ ಸಾಲು ಸಾಲಾಗಿ ಓದಿಕೊಳ್ಳುತ್ತದೆ. ಮಿನುಗುವ ಎಲ್‌ಇಡಿ ದೀಪದಡಿ ಚಿತ್ರದಲ್ಲಿ ಪಟ್ಟೆಪಟ್ಟೆ ಬೀಳಬಹುದು, ಜೋರಾಗಿ ಚಲಿಸುವ ವಸ್ತು ಓರೆಯಾಗಬಹುದು. ಯಕ್ಷಗಾನದ ದಿಗಿಣ ತೆಗೆಯುವವರು ಸದ್ದಿಲ್ಲದ ಶಟರಿನ ಆಸೆ ಬಿಡುವುದೇ ಲೇಸು. ಚೆಂಡೆಯ ಮುಂದೆ ಶಟರಿನ ಸದ್ದು ಕೇಳುವವರಾದರೂ ಯಾರು?

ಮನೆಗೆ ಬಂದು ಕಂಪ್ಯೂಟರಿನಲ್ಲಿ ಹಾಕಿ ನೋಡಿದಾಗ ಕಥೆ ಬೇರೆಯಾಯಿತು. ಜೊತೆಯ ಲೆನ್ಸು ಚಿಕ್ಕದು, ಮುದ್ದಾಗಿದೆ, ಆದರೆ 50 ಮಿ.ಮೀ.ಗೆ ಎಳೆದಾಗ ಅದರ ಬಾಯಿ ಎಫ್ 6.3ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಅಪ್ಪನ 50 ತೆರೆಯುವುದು ಎಫ್ 1.8ಕ್ಕೆ. ಗಣಿತ ಮಾಡಿದರೆ ಇದು ಅದಕ್ಕಿಂತ ಸುಮಾರು ಹನ್ನೆರಡು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಹನ್ನೆರಡು ಪಟ್ಟು! ಆ ಬೆಳಕಿಲ್ಲದ್ದಕ್ಕೆ ಮಿರರ್‌ಲೆಸ್ ಬೇರೆ ದಾರಿಯಲ್ಲಿ ಸರಿದೂಗಿಸಬೇಕಾಯಿತು. ಐಎಸ್‌ಓ ಏರಿಸಿಕೊಂಡಿತು, ಕೂಸಿನ ಕೆನ್ನೆಯ ಮೇಲೆ ರವೆ ಚೆಲ್ಲಿದಂತೆ ಕಾಳು ಕಾಳು ಎದ್ದಿತು. ಅಪ್ಪನ ಲೆನ್ಸಿನ ಚಿತ್ರಗಳಲ್ಲಿ ಕೆನ್ನೆ ಬೆಣ್ಣೆಯಂತಿತ್ತು. ಆದರೆ ಪೂರ್ತಿ ತೆರೆದ ಲೆನ್ಸಿನಲ್ಲಿ ಚುರುಕಾಗಿ ಕಾಣುವ ಆಳ ಬಹಳ ಕಡಿಮೆ. ಉಸಿರಾಡುವಷ್ಟರಲ್ಲಿ ಫೋಕಸು ಕಣ್ಣಿನಿಂದ ಕಿವಿಯೋಲೆಗೆ ಜಾರಿರುತ್ತದೆ. ಡಿಎಸ್‌ಎಲ್‌ಆರ್‌ಗಳಲ್ಲಿ ಫೋಕಸು ನೋಡುವ ಅಂಗ ಬೇರೆ, ಚಿತ್ರ ಹಿಡಿಯುವ ಅಂಗ ಬೇರೆ. ಎರಡಕ್ಕೂ ಕೂದಲೆಳೆಯ ಹೊಂದಾಣಿಕೆ ಬೇಕು. ಮಿರರ್‌ಲೆಸ್‌ನಲ್ಲಿ ಎರಡೂ ಕೆಲಸ ಸೆನ್ಸರಿನದೇ ಆದ್ದರಿಂದ ಈ ತಾಪತ್ರಯವಿಲ್ಲ. ಲೆನ್ಸಿನ ಬಾಯನ್ನು ಎಫ್ 2.8ಕ್ಕೆ ಕಿರಿದು ಮಾಡಿ ತೆಗೆದ ಸರಣಿಯಲ್ಲಿ ಕಣ್ಣು, ಮೂಗು, ಕಿವಿಯೋಲೆ ಎಲ್ಲವೂ ನಿಚ್ಚಳವಾಗಿದ್ದವು. ಆಗಲೂ ಜೊತೆಯ ಲೆನ್ಸಿಗಿಂತ ಐದು ಪಟ್ಟು ಬೆಳಕು.

ಕೋಣೆ ಕಿರಿದಾದ ಕಡೆ ಈ 50 ಒದ್ದಾಡಿಸುತ್ತದೆ ಎಂಬುದನ್ನೂ ಹೇಳಬೇಕು. ಈ ಅಳತೆಯ ಸೆನ್ಸರಿಗೆ ಅದರ ನೋಟ ಬಿಗಿ. ತೊಟ್ಟಿಲು, ತಾಯಿ, ಅಜ್ಜಿ ಮೂವರೂ ಬರಬೇಕೆಂದರೆ ಬೆನ್ನು ಗೋಡೆಗೆ ಹತ್ತಿ, ಅಲ್ಲಿ ಒಣಹಾಕಿದ ಕೂಸಿನ ಬಟ್ಟೆಗಳ ನಡುವೆ ನಿಲ್ಲಬೇಕು. ಅಲ್ಲಿ ಅಗಲ ನೋಟದ ಲೆನ್ಸೇ ಬೇಕು. ಎರಡು ಕ್ಯಾಮೆರಾಕ್ಕೂ ಇದು ಒಂದೇ ಮಾತು.

ಈ ಅಪ್ಪನ ಲೆನ್ಸುಗಳನ್ನೇ ಹೊಸ ಕ್ಯಾಮೆರಾಕ್ಕೆ ಹಾಕಬಾರದೇ ಎಂದು ನೀವು ಕೇಳಬಹುದು. ಎಲ್ಲ ಗಂಟು ಇರುವುದು ಇಲ್ಲಿಯೇ. ನಿಕಾನ್ 1959ರಲ್ಲಿ ತನ್ನ ಎಫ್ ಕ್ಯಾಮೆರಾದೊಂದಿಗೆ ಲೆನ್ಸು ಕೂರುವ ಒಂದು ಬಳೆಯನ್ನು ತಂದಿತು. ಆರು ದಶಕ ಅದೇ ಬಳೆ ನಡೆಯಿತು. 2018ರಲ್ಲಿ ಮಿರರ್‌ಲೆಸ್‌ಗಾಗಿ ಜೆಡ್ ಎಂಬ ಬೇರೆ ಬಳೆ ಬಂತು. ಹಳೆಯ ಲೆನ್ಸು ಹೊಸದಕ್ಕೆ ಕೂರಲು ಎಫ್‌ಟಿಜೆಡ್ ಎಂಬ ನಡುಗೂಡೊಂದನ್ನು ಕಂಪನಿಯೇ ಕೊಡುತ್ತದೆ. ಒಳಗೆ ಪುಟ್ಟ ಮೋಟಾರು ಇರುವ ಎಎಫ್-ಎಸ್ ಲೆನ್ಸುಗಳಿಗೆ ಅದರಲ್ಲಿ ತೊಂದರೆಯಿಲ್ಲ. ಆದರೆ 'ಡಿ' ಎಂದು ಬರೆದ ಇಂತಹ ಲೆನ್ಸುಗಳಲ್ಲಿ ಮೋಟಾರಿಲ್ಲ. ಕ್ಯಾಮೆರಾದ ಒಳಗಿನ ಮೋಟಾರು ಒಂದು ತಿರುಪಿನ ಮೂಲಕ ಅವನ್ನು ತಿರುಗಿಸಬೇಕು. ಆ ಮೋಟಾರು ಡಿ7500ರಲ್ಲಿದೆ, ಜೆಡ್50ರಲ್ಲಾಗಲಿ ನಡುಗೂಡಿನಲ್ಲಾಗಲಿ ಇಲ್ಲ. ಅಂದರೆ ಅಪ್ಪನ ಎರಡೂ ಲೆನ್ಸು ಹೊಸದರಲ್ಲಿ ಕೂರುತ್ತವೆ, ಬೆಳಕಿನ ಲೆಕ್ಕವೂ ಸರಿಬರುತ್ತದೆ, ಫೋಕಸು ಮಾತ್ರ ಕೈಯಿಂದಲೇ. ಮಲಗಿದ ಕೂಸಿಗೆ ಅದು ಸಾಕು. ವ್ಯೂ ಫೈಂಡರಿನಲ್ಲಿ ದೊಡ್ಡದು ಮಾಡಿ ನೋಡಿಕೊಂಡು ನಿಧಾನವಾಗಿ ತಿರುಗಿಸಬಹುದು. ಅಂಬೆಗಾಲಿಡುವ ಕೂಸಿಗೆ, ಅದರ ಹಿಂದೆ ಓಡುವ ಅತ್ತೆಗೆ ಸಾಲದು.

ಅಂತೂ ಹೊಸ ಕ್ಯಾಮೆರಾ ಕೊಂಡರೆ ಅಪ್ಪನ ಲೆನ್ಸುಗಳು ಅರ್ಧ ಕುರುಡಾಗುತ್ತವೆ. ಜೊತೆಗೆ ನಡುಗೂಡಿನ ಖರ್ಚು, ಮುಂದೆ ಹೊಸ ಬಳೆಯ ಬೆಳಕಿನ ಲೆನ್ಸೊಂದರ ಖರ್ಚು. ಅರವತ್ತು ಸಾವಿರ ಕ್ಯಾಮೆರಾಕ್ಕೇ ಮುಗಿಯುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತೇವೆ. ಇಲ್ಲಿ ಹಾಸಿಗೆಯನ್ನೇ ಅಪ್ಪ ಹಾಸಿಟ್ಟು ಹೋಗಿದ್ದರು.

ಬ್ಯಾಟರಿಯ ವಿಚಾರ ಬೇಗ ಮುಗಿಸುತ್ತೇನೆ. ಕಂಪನಿಯ ಲೆಕ್ಕದಲ್ಲಿ ಡಿ7500 ಒಂದು ಸಲ ತುಂಬಿಸಿದರೆ 950 ಚಿತ್ರ, ಜೆಡ್50 ಸುಮಾರು 300. ಟಿ.ವಿ. ಸದಾ ಉರಿಯುತ್ತಿರಬೇಕಲ್ಲ, ಅದಕ್ಕೆ. ಆದರೆ ಜೆಡ್50 ಅನ್ನು ಆರಿಸಿಟ್ಟು ಮೊಬೈಲಿನಂತೆ ಪವರ್ ಬ್ಯಾಂಕಿನಿಂದ ತುಂಬಿಸಬಹುದು, ಡಿ7500ಕ್ಕೆ ಅದರದೇ ಚಾರ್ಜರು, ಗೋಡೆಯ ಕರೆಂಟು ಬೇಕು. ಮಳೆಗಾಲದಲ್ಲಿ ಎರಡು ದಿನ ಕರೆಂಟಿಲ್ಲದ ಊರುಗಳವರು ಇದನ್ನು ಗಮನಿಸಬೇಕು.

ಮಳೆಗಾಲ ಎಂದೊಡನೆ ಬೂಷ್ಟು. ಮಲೆನಾಡಿನಲ್ಲಿ ಹಳೆಯ ಲೆನ್ಸು ಕೊಳ್ಳುವವರು ಅಡಿಕೆ ಕೊಳ್ಳುವವರಷ್ಟೇ ಎಚ್ಚರದಿಂದಿರಬೇಕು. ಲೆನ್ಸಿನ ಒಂದು ತುದಿಗೆ ಟಾರ್ಚು ಹಿಡಿದು ಇನ್ನೊಂದು ತುದಿಯಿಂದ ನೋಡಿ. ಜೇಡರ ಬಲೆಯಂತೆ ನವಿರು ಎಳೆ ಕಂಡರೆ ಬೂಷ್ಟು ಬೇರೂರಿದೆ ಎಂದರ್ಥ. ತಂಗಿ ಈ ಎರಡು ಲೆನ್ಸನ್ನು ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಟ್ಟು, ಪೊಟ್ಟಣಗಳನ್ನು ಆಗಾಗ ಬದಲಿಸುತ್ತಿದ್ದಳು. ಯಾರಿಗೂ ಹೇಳಿರಲಿಲ್ಲ. ಆರು ಮಳೆಗಾಲ ಕಳೆದರೂ ಗಾಜು ತೊಳೆದಿಟ್ಟಂತಿತ್ತು.

ಡಿಎಸ್‌ಎಲ್‌ಆರ್ ಕಾಲ ಮುಗಿಯಿತು ಎನ್ನುವವರ ಮಾತಿನಲ್ಲಿ ಸುಳ್ಳಿಲ್ಲ. 2020ರಲ್ಲೇ ಮಿರರ್‌ಲೆಸ್‌ಗಳ ರವಾನೆ ಡಿಎಸ್‌ಎಲ್‌ಆರ್‌ಗಳನ್ನು ಮೀರಿತು. ಆ ವರ್ಷದ ನಂತರ ನಿಕಾನ್ ಆಗಲಿ ಕ್ಯಾನನ್ ಆಗಲಿ ಹೊಸ ಮಾದರಿಯ ಡಿಎಸ್‌ಎಲ್‌ಆರ್ ಒಂದನ್ನೂ ತಂದಿಲ್ಲ. ಪೆಂಟ್ಯಾಕ್ಸ್‌ನಂತಹ ಒಬ್ಬರು ಹಟ ಬಿಟ್ಟಿಲ್ಲ, ಅಷ್ಟೇ. ಆದರೆ ಹೊಸದು ತಯಾರಾಗದಿದ್ದರೆ ಇದ್ದದ್ದು ಇವತ್ತೇ ಕೆಡುವುದೇ? ನಮ್ಮ ಮನೆಯ ಹೊಲಿಗೆ ಯಂತ್ರ ನನಗಿಂತ ಹಿರಿಯದು. ಕಾಲ ಮುಗಿದುದರಿಂದ ನಿಜವಾಗಿ ಬದಲಾಗುವುದು ಬೆಲೆ. ಮಾರುವವನಿಗೆ ಇಳಿಕೆ, ಕೊಳ್ಳುವವಳಿಗೆ ಅನುಕೂಲ. ಈ ಎರಡನೆಯ ಭಾಗವನ್ನು ಅವಳ ಅಣ್ಣ ಹೇಳಲೇ ಇಲ್ಲ.

ಅವನ 'ನಿನ್ನ ಕೆಲಸಕ್ಕೆ ಹಳೇದು ಧಾರಾಳ ಸಾಕು' ಎಂಬ ಮಾತಿಗೆ ಈಗ ಬರುತ್ತೇನೆ. ಗಂಡ ಹೊಸ ಮೊಬೈಲು ಕೊಂಡಾಗ ಹಳೆಯದು ಹೆಂಡತಿಗೆ. ಮಗ ಬೈಕು ಕೊಂಡಾಗ ಹಳೆಯ ಸ್ಕೂಟಿ ಸೊಸೆಗೆ. ಪರದೆ ಒಡೆದದ್ದು, ಬ್ರೇಕು ಸಡಿಲಾದದ್ದು ಎಲ್ಲವೂ ನಮ್ಮ ಕೆಲಸಕ್ಕೆ ಧಾರಾಳ ಸಾಕಾಗುತ್ತ ಬಂದಿದೆ. ಆ ಮಾತಿನಲ್ಲಿ ಕ್ಯಾಮೆರಾದ ಬಗ್ಗೆ ಏನೂ ಇಲ್ಲ, ಕೆಲಸದ ಬಗ್ಗೆ ಒಂದು ತೀರ್ಪಿದೆ. ಕತ್ತಲೆಯ ಬಾಣಂತಿ ಕೋಣೆಯಲ್ಲಿ, ದೀಪ ಹಾಕದೆ, ಕೂಸನ್ನು ಎಬ್ಬಿಸದೆ ತೆಗೆಯುವ ಚಿತ್ರ ಕಲ್ಯಾಣಮಂಟಪದ ಹತ್ತು ದೀಪಗಳಡಿ ತೆಗೆಯುವ ಚಿತ್ರಕ್ಕಿಂತ ಕಷ್ಟದ್ದು. ಯಾರಿಗಾದರೂ ಹೊಸದು ಬೇಕಾಗಿದ್ದರೆ ಅದು ಅವಳಿಗೆ, ಅವನಿಗಲ್ಲ. ಅಪ್ಪನ ಲೆನ್ಸುಗಳಿಲ್ಲದಿದ್ದರೆ, ಸಾಲ ಮಾಡಿಯಾದರೂ ಮಿರರ್‌ಲೆಸ್ ಕೊಳ್ಳು ಎನ್ನುತ್ತಿದ್ದೆ.

ಲೆನ್ಸುಗಳಿದ್ದವು. ಆದ್ದರಿಂದ ನನ್ನ ತೀರ್ಪು ಡಿ7500 ಕಡೆಗೆ ಬಿತ್ತು. ಹುಡುಗಿಗೆ ಇದು ಸುಲಭವಾಗಿ ಒಗ್ಗಲಿಲ್ಲ. "ಅಂತೂ ಅವನು ಹೇಳಿದ್ದೇ ಆಯಿತಲ್ಲ ದೊಡ್ಡಮ್ಮ" ಎಂದು ಮುಖ ಸಣ್ಣದು ಮಾಡಿದಳು. ಅವನು ಹೇಳಿದ್ದು ಬೇರೆ ಕಾರಣಕ್ಕೆ, ನೀನು ಕೊಳ್ಳುವುದು ಬೇರೆ ಕಾರಣಕ್ಕೆ ಎಂದೆ. ಕೊಳ್ಳುವುದಾದರೆ ಪರರ ಹತ್ತಿರ ಕೊಳ್ಳುವಂತೆ ಕೊಳ್ಳು ಎಂದೂ ಹೇಳಿದೆ.

ಅವಳು ಅದನ್ನು ಅಕ್ಷರಶಃ ಮಾಡಿದಳು. ಡಿ7500ರ ಶಟರನ್ನು ಒಂದೂವರೆ ಲಕ್ಷ ಸಲ ಬಡಿಯುವಂತೆ ಪರೀಕ್ಷಿಸಿರುತ್ತಾರೆ. ಇದುವರೆಗೆ ಎಷ್ಟು ಸಲ ಬಡಿದಿದೆ ಎಂಬುದು ತೆಗೆದ ಪ್ರತಿ ಚಿತ್ರದ ಮಾಹಿತಿಯೊಳಗೆ ದಾಖಲಾಗಿರುತ್ತದೆ. ನಾಮಕರಣದ ಚಿತ್ರವೊಂದನ್ನು ಕಂಪ್ಯೂಟರಿನಲ್ಲಿ ತೆರೆದು ನೋಡಿದಳು: 1,12,000 ದಾಟಿತ್ತು. ಮದುವೆ ಮನೆಗಳಲ್ಲಿ ದುಡಿದ ಕ್ಯಾಮೆರಾ, ಆಶ್ಚರ್ಯವೇನಿಲ್ಲ. ಒಂದೂವರೆ ಲಕ್ಷದಲ್ಲಿ ಉಳಿದದ್ದು ಕಾಲು ಪಾಲು. ಅದನ್ನು ಕಾಗದದ ಮೇಲೆ ಬರೆದು, ಇಂತಿಷ್ಟು ಕೊಡುತ್ತೇನೆ ಎಂದು ಅಣ್ಣನ ಮುಂದಿಟ್ಟಳು. ಅವನು ಮೊದಲು ನಕ್ಕ. ಆಮೇಲೆ "ಒಡಹುಟ್ಟಿದವರ ಹತ್ತಿರ ಇಂಥ ಲೆಕ್ಕವೇನೆ?" ಎಂದ. ತಂಗಿ ಒಳಗಿನಿಂದ ಕಾಫಿ ತಂದಿಟ್ಟು, ಏನೂ ಮಾತಾಡದೆ ಅಲ್ಲೇ ಕೂತಳು. ಎರಡು ದಿನ ಬಿಟ್ಟು ಒಪ್ಪಿದ.

ಉಳಿದ ಹಣದಲ್ಲಿ ಒಂದು ಫ್ಲ್ಯಾಷು, ಒಂದು ಹೆಚ್ಚಿನ ಬ್ಯಾಟರಿ, ಕಿರಿದು ಕೋಣೆಗೆ ಅಗಲ ನೋಟದ ಒಂದು ಹಳೆಯ ಲೆನ್ಸು ಬಂದವು. ಲೆನ್ಸಿಗೆ ಟಾರ್ಚು ಬಿಟ್ಟು ನೋಡಿದವಳು ನಾನೇ. ಕ್ಯಾಮೆರಾ ತೆಗೆದುಕೊಂಡ ದಿನ ಅವಳು ಅಣ್ಣನಿಂದ ಸ್ಟುಡಿಯೋದ ಅಚ್ಚಿನ ರಸೀದಿ ಪುಸ್ತಕದಲ್ಲೇ ಬಿಲ್ಲು ಬರೆಸಿಕೊಂಡಳು: ಕ್ಯಾಮೆರಾದ ನಂಬರು, ಶಟರಿನ ಎಣಿಕೆ, ಕೊಟ್ಟ ಮೊತ್ತ, ತಾರೀಖು. ರಸೀದಿಯ ತಲೆಯಲ್ಲಿ ಇನ್ನೂ ಅಪ್ಪನ ಹೆಸರೇ ಇತ್ತು.